ಬೆಣೆ ಕೊಟ್ಟಿದೀಯಾ?

ನವೆಂಬರ್ ಬಂತೆಂದರೆ ಅಪ್ಪನ ಫೋನಿನ ರೀತಿಯೇ ಬದಲಾಗುತ್ತದೆ. ಬೇರೆ ದಿನಗಳಲ್ಲಿ ಅಡಿಕೆ ರೇಟು, ಅಮ್ಮನ ಕಾಲು, ಮೊಮ್ಮಗಳ ಸ್ಕೂಲು ಎಂದು ಸುತ್ತಿ ಬಳಸಿ ಬರುವ ಮಾತು ಆ ವಾರ ನೇರವಾಗಿ ಬರುತ್ತದೆ. "ಬೆಣೆ ಕೊಟ್ಟಿದೀಯಾ?" ಕೊಟ್ಟಿದೀನಿ ಎಂದರೆ ಮುಂದಿನ ಪ್ರಶ್ನೆ, "ಹಿಂದೂ ಮುಂದೂ?" ಚಕ್ರದ ಎರಡೂ ಕಡೆ ಕೊಟ್ಟಿದ್ದೇನೆ ಎಂದ ಮೇಲೆ ಅವರಿಗೆ ಸಮಾಧಾನ. ಆಮೇಲೆ ಅಡಿಕೆ ರೇಟಿಗೆ ಬರುತ್ತಾರೆ.

ಅದೇ ತಿಂಗಳು ಇನ್ನೊಂದು ಪ್ರಶ್ನೆಯೂ ಬರುತ್ತದೆ. ಇಲ್ಲಿ ಅಮೆರಿಕದಲ್ಲಿ ನಡೆಯುವ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ, ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಾಗ, ಹಳೆಯ ಗೆಳೆಯನೊಬ್ಬ ಪ್ರತಿ ವರ್ಷ ಕೇಳುತ್ತಾನೆ. "ಆರು ತಿಂಗಳು ಮಲಗೋ ಕಾರು ಯಾಕೋ ನಿನಗೆ?" ಅವನಿಗೆ ನನ್ನ ಮೇಲೆ ಪ್ರೀತಿ ಇದೆ. ಸುಮ್ನೆ ಕೇಳುತ್ತಾನೆ. ನಾನೂ ಏನೋ ಒಂದು ಹೇಳಿ ಮಾತು ಬದಲಿಸುತ್ತೇನೆ. ಆದರೆ ಮನೆಗೆ ಬರುವ ದಾರಿಯಲ್ಲಿ ಆ ಪ್ರಶ್ನೆ ಪಕ್ಕದ ಸೀಟಿನಲ್ಲೇ ಕೂತಿರುತ್ತದೆ. ಹೋದ ವಾರ ಕಾರು ಒಳಗಿಡುವ ಕೆಲಸ ಮುಗಿಸಿದೆ. ಕೈಗೆ ಇನ್ನೂ ಗ್ರೀಸಿನ ವಾಸನೆ ಇದೆ. ಈ ಸಲ ಕೂತು ಯೋಚನೆ ಮಾಡೋಣ ಎನಿಸಿತು.

ಕಾರು 1996ರ ಮಜ್ದಾ ಮಿಯಾಟಾ. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಸ್ವಿಚ್ ಒತ್ತಿದರೆ ಕಪ್ಪೆಯ ಕಣ್ಣಿನ ಹಾಗೆ ಮೇಲೇಳುವ ಹೆಡ್‌ಲೈಟು. ಹಿರೋಶಿಮಾದಲ್ಲಿ ಹುಟ್ಟಿದ್ದು. ತೂಕ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಶನಿವಾರ ಬೆಳಿಗ್ಗೆ ಅದನ್ನು ತೆಗೆದುಕೊಂಡು ಹೊರಡುತ್ತೇನೆ. ಆನ್ ಆರ್ಬರ್‌ನಿಂದ ಡೆಕ್ಸ್ಟರ್ ಕಡೆಗೆ ಹ್ಯೂರನ್ ಹೊಳೆಯ ಪಕ್ಕದಲ್ಲೇ ಒಂದು ರಸ್ತೆ ಬಳುಕಿಕೊಂಡು ಹೋಗುತ್ತದೆ. ಮಿಷಿಗನ್‌ನ ನಮ್ಮ ಈ ಭಾಗದಲ್ಲಿ ರಸ್ತೆಗಳೆಲ್ಲ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ತಿರುವು ಇರುವ ರಸ್ತೆ ಸಿಕ್ಕಿದರೆ ನಮ್ಮಂಥ ಮಲೆನಾಡಿನವರಿಗೆ ಊರೇ ಸಿಕ್ಕಿದ ಹಾಗೆ.

ನೆಲದಡಿಯ ಉಪ್ಪು

ಚಳಿಯಿಂದ ಕಾರು ಹಾಳಾಗುತ್ತದೆ ಎಂದು ಊರಿನವರು ಅಂದುಕೊಳ್ಳುತ್ತಾರೆ. ಚಳಿಯನ್ನು ಕಾರು ತಡೆಯುತ್ತದೆ. ತಡೆಯಲಾಗದ್ದು ಉಪ್ಪು. ಹಿಮ ಬೀಳುವ ಸುದ್ದಿ ಬಂದರೆ ಸಾಕು, ದೊಡ್ಡ ದೊಡ್ಡ ಲಾರಿಗಳು ರಸ್ತೆಗೆ ಕಲ್ಲುಪ್ಪು ಎರಚಿಕೊಂಡು ಹೋಗುತ್ತವೆ. ಉಪ್ಪು ಸೇರಿದ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗೆ ಹೋಗಬೇಕು. ಮೈನಸ್ ಒಂಬತ್ತು ಹತ್ತರವರೆಗೆ ಕಲ್ಲುಪ್ಪು ಕೆಲಸ ಮಾಡುತ್ತದೆ. ರಸ್ತೆ ಬಿಳಿಚಿಕೊಳ್ಳುತ್ತದೆ. ಬೂಟು, ಪ್ಯಾಂಟಿನ ಅಂಚು, ನಾಯಿಯ ಪಾದ ಎಲ್ಲ ಬಿಳಿ. ಅದೇ ನೀರು ಕಾರಿನ ಅಡಿಗೆ ಚಿಮ್ಮಿ ಸಂದುಗೊಂದಿಗೆ ಸೇರಿ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಹಿಡಿಯಲು ನೀರು, ಗಾಳಿ ಇದ್ದರೆ ಸಾಕು. ಉಪ್ಪು ಸೇರಿದರೆ ಆ ಕೆಲಸ ಓಡುತ್ತದೆ.

ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ತುಂಬ ಅಚ್ಚರಿ ತಂದ ಸಂಗತಿ ಒಂದಿದೆ. ಡೆಟ್ರಾಯಿಟ್ ಊರಿನ ಕೆಳಗೇ ಉಪ್ಪಿನ ಗಣಿ ಇದೆ. ಸುಮಾರು 1,100 ಅಡಿ ಆಳದಲ್ಲಿ, ಕೋಟ್ಯಂತರ ವರ್ಷದ ಹಿಂದೆ ಇಲ್ಲಿದ್ದ ಸಮುದ್ರ ಬತ್ತಿ ಉಳಿದ ಉಪ್ಪು. 1910ರ ಹೊತ್ತಿನಿಂದ ತೆಗೆಯುತ್ತಿದ್ದಾರೆ. ಕೆಳಗೆ ಲಾರಿ ಓಡಾಡುವ ರಸ್ತೆಗಳೇ ಇವೆ. ಮೇಲೆ ಕಾರು ಕಟ್ಟುವ ಊರು, ಕೆಳಗೆ ಕಾರು ತಿನ್ನುವ ಉಪ್ಪು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಇಲ್ಲಿ ಕಾರುಗಳ ವಿಷಯದಲ್ಲಿ ಅದು ಅಕ್ಷರಶಃ ನಿಜ. ನಾನು ದಿನಾ ಆಫೀಸಿಗೆ ಓಡಿಸುವ ಗಾಡಿಯನ್ನು ಚಳಿಗಾಲವಿಡೀ ಹತ್ತು ದಿನಕ್ಕೊಮ್ಮೆ ಅಡಿಯಿಂದ ತೊಳೆಸುತ್ತೇನೆ. ಆದರೂ ಹತ್ತು ವರ್ಷಕ್ಕೆ ಅಡಿಭಾಗ ಕೆಂಪಾಗಿದೆ. ಸುಮಾರು ಮೂವತ್ತು ವರ್ಷದ ಮಿಯಾಟಾ ಒಂದೇ ಒಂದು ಡಿಸೆಂಬರ್ ರಸ್ತೆ ಕಂಡರೂ ತಡೆಯುವುದಿಲ್ಲ. ಆದ್ದರಿಂದ ಮೊದಲ ಉಪ್ಪು ಬೀಳುವ ಮುಂಚೆ ಒಳಗೆ.

ಅಟ್ಟಕ್ಕೆ ಹೋಗುವ ಸಾಮಾನು

ಗೆಳೆಯನ ಪ್ರಶ್ನೆಗೆ ಬರುತ್ತೇನೆ. ಆರು ತಿಂಗಳು ಬಳಸದ ವಸ್ತು ಯಾಕೆ ಬೇಕು?

ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಈ ಪ್ರಶ್ನೆ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಅಲ್ಲಿ ಅರ್ಧ ಸಾಮಾನು ಯಾವಾಗಲೂ ಮಲಗಿಯೇ ಇರುತ್ತಿತ್ತು. ಮಳೆಗೆ ತಲೆಯ ಮೇಲೆ ಹಾಕಿಕೊಳ್ಳುವ ಗೊರಬು ಬೇಸಿಗೆಯಲ್ಲಿ ಅಟ್ಟದ ಮೇಲೆ. ಮಳೆಗಾಲದಲ್ಲಿ ಗೊರಬು ಕೆಳಗೆ ಬಂದು, ಹಪ್ಪಳ ಒಣಗಿಸುವ ಚಾಪೆ ಅಟ್ಟಕ್ಕೆ. ಅಡಿಕೆ ಒಣಗಿಸುವ ತಟ್ಟಿಗಳು ವರ್ಷದಲ್ಲಿ ಎರಡು ಮೂರು ತಿಂಗಳು ದುಡಿದರೆ ಹೆಚ್ಚು. ಅಜ್ಜನ ಎತ್ತಿನ ಗಾಡಿಯನ್ನು ಜೂನ್ ಮೊದಲ ವಾರ ಕೊಟ್ಟಿಗೆಯ ಮೂಲೆಗೆ ನೂಕಿ, ಮೂಕಿಯ ಕೆಳಗೆ ಕವೆಗೋಲು ಕೊಟ್ಟು, ಚಕ್ರಕ್ಕೆ ಬೆಣೆ ಕೊಡುತ್ತಿದ್ದರಂತೆ. ಗಾಡಿಯನ್ನು ನಾನು ನೋಡಿದ್ದು ಮುರಿದ ಮೇಲೆ. ಆದರೆ ಅಪ್ಪನ ಯೆಜ್ಡಿ ಬೈಕು ಚೆನ್ನಾಗಿ ನೆನಪಿದೆ.

ರೋಡ್‌ಕಿಂಗ್, ಕಪ್ಪು ಬಣ್ಣ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದದ್ದು. ಆ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ, ನನ್ನ ಮಿಯಾಟಾ ತಯಾರಾದ ವರ್ಷವೇ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಯೆಜ್ಡಿಯಲ್ಲಿ ಗೇರು ಹಾಕುವ ಲಿವರನ್ನೇ ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಬೇರೆ ಊರಿನ ನೆಂಟರಿಗೆ ಇದನ್ನು ತೋರಿಸುವುದೆಂದರೆ ನನಗೆ ಹೆಮ್ಮೆ.

ನಮ್ಮ ಮನೆಗೂ ಟಾರು ರಸ್ತೆಗೂ ನಡುವೆ ಒಂದು ಹಳ್ಳ. ಮಳೆ ಹಿಡಿದರೆ ಮೂರು ತಿಂಗಳು ಕಾಲುಸಂಕದ ಮೇಲೆ ನಡೆದೇ ದಾಟಬೇಕು, ಬೈಕ್ ದಾಟುವ ಹಾಗಿಲ್ಲ. ರೋಹಿಣಿ ಮಳೆ ಮುಗಿದು ಮೃಗಶಿರ ಹಿಡಿಯುವ ಮುಂಚಿನ ಒಂದು ಸಂಜೆ ಅಪ್ಪ ಯೆಜ್ಡಿಯನ್ನು ಮಲಗಿಸುತ್ತಿದ್ದರು. ನಾನು ಸೀಮೆಎಣ್ಣೆ ಬಟ್ಟಲು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಮೊದಲು ತೊಳೆಯುವುದು. ಆಮೇಲೆ ಚೈನಿನ ಒಂದೊಂದು ಕೊಂಡಿಯನ್ನೂ ಸೀಮೆಎಣ್ಣೆಯಲ್ಲಿ ಒರೆಸಿ ಗ್ರೀಸು. ಹಳೆಯ ಆಯಿಲ್ ಅದ್ದಿದ ಪಂಚೆ ತುಂಡಿನಿಂದ ರಿಮ್ಮು, ಸ್ಪೋಕ್ಸು, ಸೈಲೆನ್ಸರ್ ಎಲ್ಲ ಸವರುವುದು. ಕೊನೆಗೆ ಎಂಜಿನ್ ಚಾಲೂ ಮಾಡಿ ಪೆಟ್ರೋಲ್ ಟ್ಯಾಪು ಬಂದ್.

ಆ ಗಳಿಗೆಗೆ ನಾನು ಕಾಯುತ್ತಿದ್ದೆ. ಟ್ಯಾಪು ಮುಚ್ಚಿದರೂ ಎಂಜಿನ್ ಓಡುತ್ತಲೇ ಇರುತ್ತದೆ, ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದದ್ದನ್ನು ಕುಡಿಯುತ್ತಾ. ಡುಗುಡುಗು ಎನ್ನುವ ಸದ್ದು ಹಾಗೇ ಇರುತ್ತದೆ. ಎರಡು ನಿಮಿಷದ ಮೇಲೆ ಇದ್ದಕ್ಕಿದ್ದಂತೆ ಸದ್ದು ಚುರುಕಾಗುತ್ತದೆ, ಏನೋ ನೆನಪಾಗಿ ಎದ್ದು ಕೂತವರ ಹಾಗೆ. ಆಮೇಲೆ ನಿಂತುಹೋಗುತ್ತದೆ. ಕೊಟ್ಟಿಗೆಯಲ್ಲಿ ದನ ಮೆಲುಕು ಹಾಕುವ ಸದ್ದು ಕೇಳುವಷ್ಟು ಮೌನ. ಅಪ್ಪ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು, ಕಿಕ್ಕರನ್ನು ಕೈಯಿಂದಲೇ ಎರಡು ಸಲ ಮೆಲ್ಲಗೆ ಒತ್ತುತ್ತಿದ್ದರು. ಒಳಗಿನ ಗೋಡೆಗೆಲ್ಲ ಎಣ್ಣೆ ಹಿಡಿಯಲಿ ಎಂದು. "ಇನ್ನು ಚೌತಿಗೆ ಏಳು" ಎಂದು ಟ್ಯಾಂಕಿನ ಮೇಲೆ ಕೈಯಿಟ್ಟು ಹೇಳುತ್ತಿದ್ದರು. ನನಗೆ ಹೇಳಿದ್ದಲ್ಲ, ಗಾಡಿಗೆ ಹೇಳಿದ್ದು.

ಆ ಮೂರು ತಿಂಗಳು ಅಪ್ಪ ಯೆಜ್ಡಿಯ ಸುದ್ದಿ ಎತ್ತುತ್ತಿರಲಿಲ್ಲ. ಅದು ಇಲ್ಲ ಎನ್ನುವ ಕೊರಗೂ ಇರಲಿಲ್ಲ. ನಡೆದು ಹೋಗುತ್ತಿದ್ದರು, ಅಷ್ಟೆ. ಅದು ಕೊಟ್ಟಿಗೆಯಲ್ಲಿ ಸರಿಯಾಗಿದೆ ಎಂದು ಅವರಿಗೆ ಗೊತ್ತಿತ್ತು. ಇದನ್ನು ಗೆಳೆಯನಿಗೆ ಹೇಗೆ ಹೇಳುವುದು ಎಂದು ತಿಳಿಯುವುದಿಲ್ಲ. ಓಡಿಸಿದ ಕಿಲೋಮೀಟರಿನ ಲೆಕ್ಕದಲ್ಲಿ ನೋಡಿದರೆ ಅವನ ಮಾತು ಸರಿ. ಆದರೆ ಒಂದು ಗಾಡಿಯ ಮೇಲೆ ನಮಗೆ ಹಕ್ಕು ಹುಟ್ಟುವುದು ಓಡಿಸಿದ್ದರಿಂದ ಮಾತ್ರ ಅಂತ ನನಗೆ ಅನಿಸುವುದಿಲ್ಲ. ಅದನ್ನು ಮಲಗಿಸುವ ಸಂಜೆಯಲ್ಲಿ, ಯಾರೂ ನೋಡದ ಕೊಂಡಿಗೆ ಗ್ರೀಸು ಹಚ್ಚುವಾಗ, ಆ ಹಕ್ಕಿನ ದೊಡ್ಡ ಪಾಲು ಬರುತ್ತದೆ.

ಎರಡು ದಿನದ ಕೆಲಸ

ಈಗ ನನಗೆ ಸ್ವಂತ ಗ್ಯಾರೇಜಿದೆ. ಅಕ್ಟೋಬರ್ ಕೊನೆಯ ಅಥವಾ ನವೆಂಬರ್ ಮೊದಲ ಶನಿವಾರ, ಒಣ ಬಿಸಿಲಿರುವ ದಿನ ನೋಡಿ ಶುರು ಮಾಡುತ್ತೇನೆ.

ಮೊದಲ ಕೆಲಸ ನೀರಿನ ದಾರಿ. ಮಿಯಾಟಾ ಇಟ್ಟುಕೊಂಡವರಿಗೆ ಇದು ಗೊತ್ತು, ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಬಟ್ಟೆಯ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದೆ ಎರಡು ಮೂಲೆಗಳಲ್ಲಿ ಇಳಿದು, ಒಳಗಿನ ಕೊಳವೆ ಹಿಡಿದು, ಹಿಂದಿನ ಚಕ್ರದ ಮುಂಭಾಗದಲ್ಲಿ ನೆಲಕ್ಕೆ ಬೀಳಬೇಕು. ಮೇಪಲ್ ಎಲೆಯ ಚೂರು, ಮಣ್ಣು ಸೇರಿ ಆ ಕೊಳವೆ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ತಗಡಿನ ಪೆಟ್ಟಿಗೆಯೊಳಗೆ ನಿಲ್ಲುತ್ತದೆ. ಅಲ್ಲಿಂದ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡೇ ಇರುವುದಿಲ್ಲ. ಹಾಗಾಗಿ ಮೆತ್ತನೆಯ ಪ್ಲಾಸ್ಟಿಕ್ ದಾರವೊಂದನ್ನು ಮೇಲಿಂದ ಇಳಿಸಿ ಮೆಲ್ಲಗೆ ಆಡಿಸುತ್ತೇನೆ. ಆಮೇಲೆ ಒಂದು ಲೋಟ ನೀರು ಸುರಿದು, ಓಡಿ ಹೋಗಿ ಚಕ್ರದ ಹತ್ತಿರ ಬಗ್ಗಿ ನೋಡುತ್ತೇನೆ. ಕಂದು ನೀರು ಮೊದಲು ಹನಿಯಾಗಿ, ಆಮೇಲೆ ಧಾರೆಯಾಗಿ ಬಿದ್ದರೆ ಮನಸ್ಸಿಗೆ ನೆಮ್ಮದಿ. ನಮ್ಮೂರಲ್ಲಿ ಮಳೆಗೆ ಮುಂಚೆ ತೋಟದ ಬಸಿಗಾಲುವೆ ಬಿಡಿಸುತ್ತಾರಲ್ಲ, ಅದೇ ಕೆಲಸ.

ಆಮೇಲೆ ಆಯಿಲ್. ಚಳಿಗಾಲ ಕಳೆದ ಮೇಲೆ ಬದಲಿಸಿದರಾಯಿತು ಎಂದು ತುಂಬ ಜನ ಬಿಡುತ್ತಾರೆ. ಅದು ತಪ್ಪು ಎಂದು ನನಗೆ ಖಚಿತ. ಆರು ತಿಂಗಳು ಓಡಿದ ಆಯಿಲಿನಲ್ಲಿ ಉರಿದ ಪೆಟ್ರೋಲಿನ ಹುಳಿ ಇರುತ್ತದೆ, ನೀರಿನ ಪಸೆ ಇರುತ್ತದೆ. ಅದರಲ್ಲೇ ಬೇರಿಂಗುಗಳನ್ನು ಐದಾರು ತಿಂಗಳು ನೆನೆಸಿಡುವುದು ಯಾಕೆ? ಹೊಸ ಆಯಿಲ್ ಹಾಕಿಯೇ ಮಲಗಿಸಬೇಕು.

ಪೆಟ್ರೋಲಿನ ವಿಷಯದಲ್ಲಿ ಮಾತ್ರ ಅಪ್ಪನ ದಾರಿ ಬೇರೆ, ನನ್ನದು ಬೇರೆ. ಅವರು ಕಾರ್ಬುರೇಟರ್ ಒಣಗಿಸುತ್ತಾರೆ. ನಾನು ಟ್ಯಾಂಕನ್ನು ಕಂಠಮಟ್ಟ ತುಂಬಿಸುತ್ತೇನೆ, ಸುಮಾರು 48 ಲೀಟರ್. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಹತ್ತು ಪರ್ಸೆಂಟ್ ಎಥನಾಲ್. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬಿಟ್ಟುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆ ಇದ್ದಷ್ಟೂ ತೇವದ ಗಾಳಿಗೆ ಜಾಗ ಕಡಿಮೆ. ಪೆಟ್ರೋಲ್ ಕೆಡದಂತೆ ಕಾಯುವ ಔಷಧಿಯನ್ನು ಬಂಕಿನಲ್ಲೇ ಟ್ಯಾಂಕಿಗೆ ಸುರಿದು, ಅದು ಇಂಜೆಕ್ಟರ್‌ವರೆಗೂ ತಲುಪಲಿ ಎಂದು ಹದಿನೈದು ನಿಮಿಷ ಓಡಿಸಿ ಮನೆಗೆ ತರುತ್ತೇನೆ. ಅದೇ ವರ್ಷದ ಕೊನೆಯ ಓಟ. 2025ರ ಹೊತ್ತಿಗೆ ಭಾರತದಲ್ಲೂ ಎಥನಾಲ್ ಇಪ್ಪತ್ತು ಪರ್ಸೆಂಟಿಗೆ ಬಂತು. ಅಪ್ಪನಿಗೆ ಅದರ ಚಿಂತೆ. ಈಗ ಯೆಜ್ಡಿಯ ಟ್ಯಾಂಕನ್ನೂ ಮಳೆಗಾಲಕ್ಕೆ ಮುಂಚೆ ಪೂರ್ತಿ ಬಸಿದು, ಒಳಗೆ ಆಯಿಲ್ ಆಡಿಸಿ ಇಡುತ್ತಾರಂತೆ. ನಾನು ಹೇಳಿಕೊಟ್ಟದ್ದಲ್ಲ, ಅವರೇ ಕಂಡುಕೊಂಡದ್ದು.

ಉಳಿದದ್ದು ಬೇಗ ಮುಗಿಯುತ್ತದೆ. ಟೈರಿಗೆ ಸ್ವಲ್ಪ ಗಾಳಿ ಜಾಸ್ತಿ, ಒಂದೇ ಕಡೆ ಚಪ್ಪಟೆಯಾಗದ ಹಾಗೆ. ಕೂಲೆಂಟ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆತಿದೆಯೇ ಎಂದು ಪರೀಕ್ಷೆ. ಟಾಪನ್ನು ಮೇಲೆತ್ತಿಯೇ ಇಡಬೇಕು, ಮಡಚಿಟ್ಟರೆ ಬಟ್ಟೆ ಕುಗ್ಗಿ ಮಡಿಕೆ ಬೀಳುತ್ತದೆ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಚಳಿಯಲ್ಲಿ ಮಡಚಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಇನ್ಶೂರೆನ್ಸಿನವರಿಗೆ ಒಂದು ಫೋನ್ ಮಾಡಿ ಪಾಲಿಸಿಯನ್ನು ಬರೀ ನಿಲ್ಲಿಸಿಟ್ಟ ಕಾರಿನ ಮಟ್ಟಕ್ಕೆ ಇಳಿಸುವುದು. ಅಲ್ಲಿಂದ ಮುಂದೆ ರಸ್ತೆಗೆ ಒಂದು ಅಡಿಯೂ ಇಳಿಸುವ ಹಾಗಿಲ್ಲ. ಸೈಲೆನ್ಸರ್ ಬಾಯಿಗೆ, ಗಾಳಿ ಎಳೆಯುವ ಬಾಯಿಗೆ ಇಲಿ ನುಗ್ಗದಂತೆ ಸ್ಟೀಲ್ ವೂಲ್ ತುರುಕಿ, ಮರೆಯದಂತೆ ಸ್ಟೀರಿಂಗಿಗೆ ಚೀಟಿ ಅಂಟಿಸುವುದು. ಡಿಕ್ಕಿಯ ಬಲಮೂಲೆಯಲ್ಲಿರುವ ಬ್ಯಾಟರಿಗೆ ಸಣ್ಣ ಚಾರ್ಜರ್. ಅದರ ಹಸಿರು ದೀಪ ಆರು ತಿಂಗಳು ಗ್ಯಾರೇಜಿನ ನಂದಾದೀಪ.

ಕೊನೆಯದು ಬೆಣೆ. ಅದರ ಕಥೆಗೆ 2018ಕ್ಕೆ ಹೋಗಬೇಕು.

ಮಲಗಿಸದೆ ಹೋದ ವರ್ಷ

ಆಗ ನಾವು ಕ್ಯಾಂಟನ್‌ನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೆವು. ಗ್ಯಾರೇಜ್ ಇರಲಿಲ್ಲ. ಡೆಕ್ಸ್ಟರ್ ಆಚೆ ಒಬ್ಬ ವಯಸ್ಸಾದ ರೈತನ ಕಣಜದಂಥ ದೊಡ್ಡ ಕೊಟ್ಟಿಗೆಯಲ್ಲಿ ಚಳಿಗಾಲಕ್ಕೆ ಬಾಡಿಗೆ ಜಾಗ ತೆಗೆದುಕೊಂಡಿದ್ದೆ. ನವೆಂಬರಿನಲ್ಲಿ ಬಿಟ್ಟರೆ ಏಪ್ರಿಲಿನಲ್ಲಿ ತೆಗೆಯುವುದು. ನಡುವೆ ತೆಗೆಯಲು ಆಗುವುದಿಲ್ಲ, ಯಾಕೆಂದರೆ ದೋಣಿ, ಟ್ರೇಲರ್, ಟ್ರ್ಯಾಕ್ಟರ್ ಎಲ್ಲ ಒಂದರ ಹಿಂದೆ ಒಂದು ಒತ್ತಿ ನಿಲ್ಲಿಸುತ್ತಾರೆ.

ಅಕ್ಟೋಬರ್ 18ಕ್ಕೆ ಆಯುಧಪೂಜೆ ಮಾಡಿದ್ದೆವು, ಪಾರ್ಕಿಂಗ್ ಲಾಟಿನಲ್ಲೇ. ಬಾನೆಟ್ಟಿಗೆ ಚೆಂಡುಹೂವಿನ ಮಾಲೆ, ಅಕ್ಷತೆ, ಕಡ್ಲೆಪುರಿ. ಮಗಳು ಆಗ ನಾಲ್ಕು ವರ್ಷದವಳು. ಬೊಗಸೆಯಲ್ಲಿ ಪುರಿ ತೆಗೆದು ಕಾರಿಗೆ ತಿನ್ನಿಸುತ್ತೇನೆ ಎಂದು ಗಾಜಿನ ಬುಡದ ಜಾಲರಿಯೊಳಗೆ ಹಾಕುತ್ತಿದ್ದಳು. ಮಲಗಿಸುವ ಮುಂಚೆ ಎಲ್ಲ ಬಿಚ್ಚಿ ಸ್ವಚ್ಛ ಮಾಡಿದರಾಯಿತು ಎಂದುಕೊಂಡೆ.

ನವೆಂಬರ್ 5, ನೀರು ತುಂಬುವ ಹಬ್ಬ. ಬಚ್ಚಲಿಗೆ ಕೊಡ ಹೊತ್ತು ಹೋಗುವಾಗ ಅಮ್ಮ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ಶಿವಮೊಗ್ಗದಲ್ಲಿ ಆಪರೇಷನ್. ಫೋನ್ ಬಂದಾಗ ಇಲ್ಲಿ ಬೆಳಿಗ್ಗೆ. ಮರುದಿನಕ್ಕೆ ಟಿಕೆಟ್ ಸಿಕ್ಕಿತು. ಆ ರಾತ್ರಿಯೇ ಕಾರನ್ನು ಡೆಕ್ಸ್ಟರಿಗೆ ಒಯ್ದೆ. ಮಳೆ ಹನಿಯುತ್ತಿತ್ತು. ಕಾಲು ಟ್ಯಾಂಕ್ ಪೆಟ್ರೋಲ್. ಹಳೆಯ ಆಯಿಲ್. ಬ್ಯಾಟರಿ ಬಿಚ್ಚಿ ಮನೆಗೆ ತರಬೇಕಿತ್ತು, ತರಲಿಲ್ಲ. ಅಭ್ಯಾಸಬಲದಿಂದ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದೆ. ಮಾಲೆಯ ಉಳಿದ ಹೂವು ಬಾನೆಟ್ಟಿನ ಸಂದಿನಲ್ಲಿ ಹಾಗೇ ಇತ್ತು. ಹಿಂದಿನ ಕಾರಿನಲ್ಲಿ ಬಂದಿದ್ದ ಗೆಳೆಯ ನನ್ನನ್ನು ಮನೆಗೆ ಬಿಟ್ಟ. ಯಾಕೆ ಇಟ್ಟುಕೊಂಡಿದ್ದೀಯಾ ಎಂದು ಕೇಳುವ ಗೆಳೆಯನೇ ಅವನು. ಆ ರಾತ್ರಿ ಅವನು ಏನೂ ಕೇಳಲಿಲ್ಲ.

ಅಮ್ಮ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವವರೆಗೂ ಇದ್ದು, ಡಿಸೆಂಬರ್ ನಡುವೆ ವಾಪಸ್ ಬಂದೆ. ಆಗ ಕಾರಿನ ಮುಂದೆ ಎರಡು ದೋಣಿ, ಒಂದು ಟ್ರ್ಯಾಕ್ಟರ್ ನಿಂತಾಗಿತ್ತು. ಜನವರಿ ಕೊನೆಯಲ್ಲಿ ಧ್ರುವದ ಚಳಿ ಇಳಿದು ಬಂತು. ಮೈನಸ್ 25 ಡಿಗ್ರಿಯ ಆಸುಪಾಸು. ಇಲ್ಲಿದ್ದವರಿಗೆ ಜನವರಿ 30ರ ರಾತ್ರಿ ನೆನಪಿರುತ್ತದೆ. ಗ್ಯಾಸ್ ಪೂರೈಸುವ ಕೇಂದ್ರವೊಂದರಲ್ಲಿ ಬೆಂಕಿ ಬಿದ್ದು, ಮನೆಯ ಹೀಟರನ್ನು 65 ಫ್ಯಾರನ್‌ಹೀಟಿಗೆ ಇಳಿಸಿ ಎಂದು ಎಲ್ಲರ ಫೋನೂ ಒಟ್ಟಿಗೆ ಕಿರುಚಿದ ರಾತ್ರಿ. ಮಗಳಿಗೆ ಎರಡು ಸ್ವೆಟರ್ ಹಾಕಿ ನಡುವೆ ಮಲಗಿಸಿಕೊಂಡೆವು. ನನಗೆ ನಿದ್ದೆ ಬರಲಿಲ್ಲ. ತುಂಬಿದ ಬ್ಯಾಟರಿ ಮೈನಸ್ 50ರವರೆಗೂ ತಡೆಯುತ್ತದೆ. ಖಾಲಿಯಾದ ಬ್ಯಾಟರಿಯಲ್ಲಿ ಉಳಿಯುವುದು ಹೆಚ್ಚು ಕಡಿಮೆ ನೀರೇ, ಮೈನಸ್ ಏಳೆಂಟಕ್ಕೆ ಹೆಪ್ಪುಗಟ್ಟುತ್ತದೆ. ನನ್ನದು ಮೂರು ತಿಂಗಳಿಂದ ಚಾರ್ಜ್ ಇಲ್ಲದೆ ಕತ್ತಲಲ್ಲಿ ನಿಂತಿತ್ತು. ಅದು ಒಳಗೊಳಗೇ ಉಬ್ಬುತ್ತಿರುವುದು ನನಗೆ ಹಾಸಿಗೆಯಲ್ಲೇ ಗೊತ್ತಾಗುತ್ತಿತ್ತು. ಆದರೆ ಆ ರಾತ್ರಿ ನಾನು ನಿಜವಾಗಿ ಯೋಚಿಸುತ್ತಿದ್ದದ್ದು ಕಾರಿನ ಬಗ್ಗೆ ಮಾತ್ರವೇ ಎಂದು ಹೇಳಲಾರೆ. ಊರಿನ ಬಚ್ಚಲಿಗೆ ಹಿಡಿಕೆ ಹಾಕಿಸಬೇಕು ಎಂದು ಎಷ್ಟು ವರ್ಷದಿಂದ ಅಂದುಕೊಳ್ಳುತ್ತಿದ್ದೆ!

ಏಪ್ರಿಲಿನಲ್ಲಿ ಕೊಟ್ಟಿಗೆಯ ಬಾಗಿಲು ತೆರೆದಾಗ ಮೊದಲು ಬಂದದ್ದು ವಾಸನೆ. ಇಲಿಯ ಉಚ್ಚೆ. ಬಾನೆಟ್ ಎತ್ತಿ, ಏರ್ ಫಿಲ್ಟರಿನ ಡಬ್ಬಿಯ ಕ್ಲಿಪ್ಪು ಬಿಡಿಸಿದೆ. ಒಳಗೆ ತೆಂಗಿನಕಾಯಿ ಗಾತ್ರದ ಗೂಡು. ಬಾನೆಟ್ ಅಡಿಯ ಕಪ್ಪು ನಾರನ್ನು ಎಳೆ ಎಳೆಯಾಗಿ ಬಿಡಿಸಿ ಸುತ್ತಿದ್ದವು. ಅದರ ನಡುವೆ ಹಳದಿ. ನಮ್ಮ ಚೆಂಡುಹೂವಿನ ಎಸಳು, ಒಣಗಿ ಕಾಗದದಂತಾಗಿ, ಒಂದರ ಮೇಲೊಂದು ಒಪ್ಪವಾಗಿ ಹಾಸಿದ ಹಾಗೆ. ಅಂಚಿನಲ್ಲಿ ಅರಿಶಿನ ಹಿಡಿದ ಎರಡು ಅಕ್ಷತೆ ಕಾಳು. ಪುರಿ ಒಂದೂ ಉಳಿದಿರಲಿಲ್ಲ. ಇಲಿ ಬಂದದ್ದು ಪುರಿಗೆ, ನಿಂತದ್ದು ಹೂವಿಗೆ. ತುಂಬ ಹೊತ್ತು ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಎಷ್ಟು ಜಾಗ್ರತೆಯಿಂದ ಕಟ್ಟಿತ್ತು ಅದು! ಚಳಿಗಾಲಕ್ಕೆ ತಯಾರಿ ಮಾಡಿಕೊಂಡದ್ದು ಆ ವರ್ಷ ಇಲಿ ಒಂದೇ.

ಬ್ಯಾಟರಿ ಉಬ್ಬಿ ಅದರ ಜಾಗದಿಂದ ಹೊರಗೇ ಬರುತ್ತಿರಲಿಲ್ಲ. ಎರಡು ವೈರು ಕಡಿದಿದ್ದವು. ರೈತ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮೆಲ್ಲಗೆ ಎಳೆದರೆ ಮುಂದಿನ ಚಕ್ರ ತಿರುಗಿದವು, ಹಿಂದಿನವು ಮಣ್ಣು ಗೀರುತ್ತಾ ಜಾರಿದವು. ಹ್ಯಾಂಡ್ ಬ್ರೇಕ್ ಬಿಟ್ಟಿದ್ದರೂ ಒದ್ದೆಯಲ್ಲಿ ಎಳೆದಿಟ್ಟ ಪ್ಯಾಡು ಡಿಸ್ಕಿಗೆ ತುಕ್ಕು ಹಿಡಿದು ಅಂಟಿಕೊಂಡಿತ್ತು. ಟಪ್ ಎಂದು ಬಿಟ್ಟುಕೊಂಡಾಗ ಪ್ಯಾಡಿನ ಆಕಾರವೇ ಡಿಸ್ಕಿನ ಮೇಲೆ ಅಚ್ಚಾಗಿತ್ತು. ಎಲ್ಲ ಸರಿ ಮಾಡಲು ಜೂನ್ ಕಳೆಯಿತು. ವಾಸನೆ ಹೋಗಲು ಇನ್ನೂ ಒಂದು ವರ್ಷ.

ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಇಲಿಯ ಕಥೆಗೆ "ಪಾಪ" ಎಂದರು. ಇಲಿಗೋ, ನನಗೋ ತಿಳಿಯಲಿಲ್ಲ. ಬ್ರೇಕಿನ ಕಥೆಗೆ ಮಾತ್ರ ಅವರ ದನಿ ಬದಲಾಯಿತು. "ನಿಲ್ಲಿಸಿಡೋ ಗಾಡಿಗೆ ಬ್ರೇಕ್ ಎಳೀತಾರೇನೋ? ಬೆಣೆ ಕೊಡಬೇಕು." ಆ ವರ್ಷದ ಕೊನೆಯಲ್ಲಿ ಇಲ್ಲಿಗೆ ಬಂದ ನೆಂಟರೊಬ್ಬರ ಸೂಟ್‌ಕೇಸಿನಲ್ಲಿ, ತೊಡೆದೇವು ಡಬ್ಬಿಯ ಪಕ್ಕದಲ್ಲಿ, ಹಳೆಯ ಬನಿಯನ್ನಿನಲ್ಲಿ ಸುತ್ತಿದ ಎರಡು ಹಲಸಿನ ಮರದ ಬೆಣೆ ಬಂದವು. ಕೈಯಿಂದಲೇ ಕೆತ್ತಿದ್ದು. ಇಳಿಜಾರಿನ ಮುಖದಲ್ಲಿ ಉಳಿಯ ಗುರುತು ಅಲೆಅಲೆಯಾಗಿದೆ. ದಪ್ಪ ತುದಿಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗ ಪೋಣಿಸಿ ಎರಡನ್ನೂ ಜೋಡಿಸಿದ್ದರು, ಚಕ್ರದ ಹಿಂದೊಂದು ಮುಂದೊಂದು ಇಡುವಷ್ಟು ಉದ್ದಕ್ಕೆ. ಬಂದಾಗ ಹಳದಿ ಇದ್ದ ಮರ ಈಗ ಜೇನಿನ ಬಣ್ಣಕ್ಕೆ ತಿರುಗಿದೆ.

ನಡುವೆ ಎಬ್ಬಿಸಬಾರದು

ಜನವರಿಯ ಯಾವುದೋ ಬಿಸಿಲಿನ ದಿನ ಗ್ಯಾರೇಜಿಗೆ ಹೋದರೆ ಆಸೆಯಾಗುತ್ತದೆ. ಒಂದೇ ಸಲ ಚಾಲೂ ಮಾಡಿ ಹತ್ತು ನಿಮಿಷ ಓಡಲು ಬಿಟ್ಟರೆ ಏನು? ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್, ಸೈಲೆನ್ಸರ್ ಚೆನ್ನಾಗಿ ಕಾದರೆ ಅದು ಹಬೆಯಾಗಿ ಹೊರಗೆ ಹೋಗುತ್ತದೆ. ಹತ್ತು ನಿಮಿಷಕ್ಕೆ ಕಾಯುವುದಿಲ್ಲ. ಸೈಲೆನ್ಸರಿನಲ್ಲಿ ನೀರು, ಹೊಸ ಆಯಿಲಿನಲ್ಲಿ ನೀರು. ಎಬ್ಬಿಸಿದರೆ ಪೂರ್ತಿ ಎಬ್ಬಿಸಬೇಕು, ಇಲ್ಲವೇ ಮಲಗಲು ಬಿಡಬೇಕು. ಮಗು ಮಲಗಿರುವಾಗ ಬಾಗಿಲ ಸಂದಿನಿಂದ ನೋಡಿ ವಾಪಸ್ ಬರುತ್ತೇವಲ್ಲ, ಹಾಗೆ ಹಸಿರು ದೀಪ ನೋಡಿ ಬರುತ್ತೇನೆ.

ಏಪ್ರಿಲಿನಲ್ಲೂ ಅವಸರ ಮಾಡುವುದಿಲ್ಲ. ಹಿಮ ಕರಗಿದರೂ ಉಪ್ಪು ರಸ್ತೆಯ ಅಂಚಿನಲ್ಲಿ ಪುಡಿಯಾಗಿ ಬಿದ್ದಿರುತ್ತದೆ. ಎರಡು ಮೂರು ಒಳ್ಳೆಯ ಮಳೆ ಬಿದ್ದು ರಸ್ತೆ ತೊಳೆಯಬೇಕು. ಊರಿನಲ್ಲಿ ಅಪ್ಪ ಮಳೆ ಬರುವ ಮುಂಚೆ ಗಾಡಿ ಒಳಗಿಡುತ್ತಾರೆ. ನಾನು ಮಳೆ ಬಂದ ಮೇಲೆ ಹೊರಗೆ ತೆಗೆಯುತ್ತೇನೆ.

ಈ ವರ್ಷ ಏಪ್ರಿಲ್ ಮೂರನೇ ವಾರ ತೆಗೆದೆ. ಸ್ಟೀಲ್ ವೂಲ್ ಕಿತ್ತು, ಬೆಣೆ ಎಳೆದು, ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಬಾನೆಟ್ ಅಂಚಿಗೆ ಒರಗಿಸಿದೆ. ಮೂರು ಸುತ್ತು ತಿರುಗಿ ಎಂಜಿನ್ ಹಿಡಿಯಿತು. ಕೂಡಲೇ ಟಕಟಕಟಕ ಎನ್ನುವ ಸದ್ದು. ಈ ಮಾದರಿಯ ಎಂಜಿನ್ ಬಹಳ ದಿನ ನಿಂತರೆ ಹೀಗೆ ಸದ್ದು ಮಾಡುತ್ತದೆ, ಮೇಲೆ ವಾಲ್ವುಗಳನ್ನು ಆಡಿಸುವ ಲಿಫ್ಟರುಗಳಿಂದ ಎಣ್ಣೆ ಇಳಿದು ಹೋಗಿರುತ್ತದೆ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈ ಎತ್ತಿ ಸುಮ್ಮನಿರು ಎಂದರು. ಕಣ್ಣು ಮುಚ್ಚಿ, ಕಿವಿಯನ್ನು ಫೋನಿನ ಹತ್ತಿರ ತಂದರು. ಪರದೆಯ ತುಂಬ ಅವರ ಬಿಳಿ ಕೂದಲು, ಕಿವಿ.

"ಎಣ್ಣೆ ಇನ್ನೂ ಮೇಲೆ ಹತ್ತಿಲ್ಲ. ರೇಸ್ ಮಾಡಬೇಡ. ಬಿಡು."

ಬಿಟ್ಟೆ. ಇಬ್ಬರೂ ಮಾತಾಡದೆ ಕೇಳುತ್ತಾ ನಿಂತೆವು. ಟಕಟಕ ತೆಳುವಾಯಿತು. ಒಂದೊಂದೇ ಉದುರಿಹೋದ ಹಾಗೆ ಕಡಿಮೆಯಾಗುತ್ತಾ, ಕೊನೆಗೆ ಒಂದೇ ಒಂದು ಉಳಿದು, ಅದೂ ನಿಂತಿತು.

"ಹ್ಞಾ" ಎಂದರು ಅಪ್ಪ. ಆಮೇಲೆ, ಬೇರೆ ಯಾವುದೋ ಮಾತಿನ ಹಾಗೆ, "ಯೆಜ್ಡಿ ಡಬಲ್ ಸ್ಟ್ಯಾಂಡ್ ಹಾಕಕ್ಕೆ ನಂಗೆ ಈಗ ಆಗಲ್ಲ. ಹೋದ ವರ್ಷ ಪಕ್ಕದ ಮನೆ ಹುಡುಗನ್ನ ಕರೆದಿದ್ದೆ. ಅವನು ಬೆಂಗಳೂರಿಗೆ ಹೋದ."

ಆ ರಾತ್ರಿ ಕೂತು ಟಿಕೆಟ್ ಹುಡುಕಿದೆ. ಜೂನ್ 1ಕ್ಕೆ ಸಿಕ್ಕಿತು. ಮೃಗಶಿರ ಹಿಡಿಯುವುದು 7ಕ್ಕೋ 8ಕ್ಕೋ.